ಭೈರೇಶ್ ಇಲ್ಲದ ಪುಸ್ತಕಗಳು

ಚಂದ್ರಾ ಲೇಔಟಿನ ಅಂಬುಜಾ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿಯಾದವರು. ಮದುವೆಯಾಗಿರಲಿಲ್ಲ, ತಮ್ಮ ಕಿಟ್ಟಿಯೂ ಆಗಿರಲಿಲ್ಲ. ಅಕ್ಕ ತಮ್ಮ ಒಂದೇ ಮನೆಯಲ್ಲಿ, ಟಿವಿಗೂ ಫ್ಯಾನಿಗೂ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದರು. ಕಳೆದ ವರ್ಷ ಒಂದು ಸಂಜೆ ಆಫೀಸಿನಿಂದ ಬರುವಾಗ, ನಾಯಂಡಹಳ್ಳಿಯಲ್ಲಿ ರಸ್ತೆ ದಾಟುತ್ತಿದ್ದ ಕಿಟ್ಟಿಗೆ ಯಾವುದೋ ಗಾಡಿ ಗುದ್ದಿ, ನಿಲ್ಲಿಸದೆ ಹೋಯಿತು. ಆಸ್ಪತ್ರೆ ಸೇರುವ ಮೊದಲೇ ಉಸಿರು ನಿಂತಿತ್ತು.

ಕಿಟ್ಟಿಗೆ ಗಿರಿರಾಜರ ಪತ್ತೇದಾರಿ ಕಾದಂಬರಿಗಳ ಹುಚ್ಚು. ಅವನಿದ್ದಾಗ ಅವನ್ನು ಮುಟ್ಟದ ಅಂಬುಜಾ, ಅವನು ಹೋದ ಮೇಲೆ ಒಂದೊಂದಾಗಿ ಓದಿದರು. ಎಂಥ ಕೊಲೆಯೇ ಆಗಲಿ, ಪತ್ತೇದಾರ ಭೈರೇಶ್ ಕಡೆಗೆ ಕೊಲೆಗಾರನ ಕೊರಳಪಟ್ಟಿ ಹಿಡಿಯುತ್ತಿದ್ದ. ಒಂದು ಪುಸ್ತಕ ಮುಗಿದರೆ ಸಾಕು, ಅಂಬುಜಾ ಹೊಸ ಧೈರ್ಯ ತಂದುಕೊಂಡು ಪೊಲೀಸ್ ಠಾಣೆಗೆ ಹೋಗುತ್ತಿದ್ದರು.

"ಏನಾದ್ರೂ ಗೊತ್ತಾಯ್ತಾ ಸಾರ್?"

"ನೋಡ್ತಾ ಇದೀವಿ ಮೇಡಂ. ಕ್ಯಾಮೆರಾದಲ್ಲಿ ನಂಬರೇ ಕಾಣ್ತಿಲ್ಲ."

ಭೈರೇಶನ ಪುಸ್ತಕಗಳೂ ಮುಗಿದವು. ಇನ್ನೇನಾದರೂ ಇದೆಯೇ ಎಂದು ವಿಜಯನಗರದ ಹಳೇ ಪುಸ್ತಕದಂಗಡಿಯಲ್ಲಿ ಕೇಳಿದಾಗ, ಅಂಗಡಿಯ ವೆಂಕಟೇಶ್ ಗೋಣಿಚೀಲದ ತಳದಿಂದ ಕೆಲವನ್ನು ತೆಗೆದ. ತೆಳು ರಟ್ಟು, ಕಂದಿದ ಕಾಗದ. ಮುಟ್ಟಿದರೆ ಅಂಚು ಉದುರುತ್ತಿತ್ತು.

"ಇವೂ ಗಿರಿರಾಜರದ್ದೇ ಮೇಡಂ, ಬಿಡಿ ಕಥೆಗಳು. ಭೈರೇಶ್ ಇಲ್ಲ ಅಂತ ಯಾರೂ ಕೇಳಲ್ಲ."

"ಇಂಥವೂ ಬರ್ದಿದ್ರಾ? ನಮ್ಮ ಕಿಟ್ಟಿ ಹೇಳೇ ಇರ್ಲಿಲ್ಲ."

ಮೊದಲು ಒಂದನ್ನು ಒಯ್ದು ಓದಿದರು. ಹೋಟೆಲು ನಡೆಸುವ ಹೆಂಗಸೊಬ್ಬಳ ಗಂಡನ ಕೊಲೆ. ಕೊಂದವನು ದಿನವೂ ಅವಳ ಹೋಟೆಲಿಗೇ ಬಂದು ಇಡ್ಲಿ ತಿನ್ನುತ್ತಾನೆ, ಅವಳ ಕಷ್ಟಸುಖ ವಿಚಾರಿಸುತ್ತಾನೆ. ಓದುವವರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಕಡೆಗೊಂದು ದಿನ ಅವನಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಅಷ್ಟೇ.

ಅಂಬುಜಾ ಸಿಟ್ಟಿನಿಂದ ಅಂಗಡಿಗೆ ಬಂದರು. "ಏನ್ರೀ ಇದು, ಕೊನೇ ಹಾಳೆ ಹರಿದುಹೋಗಿದೆ!"

ವೆಂಕಟೇಶ್ ತಿರುಗಿಸಿ ನೋಡಿದ. "ಇಲ್ಲ ಮೇಡಂ. ಮುಗಿಯೋದೇ ಅಲ್ಲಿಗೆ."

ಪುಸ್ತಕವನ್ನು ಬಿಸಾಡಿ ಹೋಗಬೇಕೆನ್ನಿಸಿದರೂ ಉಳಿದವನ್ನೂ ಕೊಂಡರು. ಯಾವುದರಲ್ಲೂ ಯಾರೂ ಸಿಕ್ಕಿಬೀಳಲಿಲ್ಲ. ಸತ್ತವರ ಮನೆಯವರು ಮಾತ್ರ ಬೆಳಿಗ್ಗೆ ಎದ್ದು ಹಾಲು ಕಾಯಿಸುತ್ತಿದ್ದರು. ಓದಿ ಅಂಬುಜಾರಿಗೆ ಸಮಾಧಾನವೇನೂ ಆಗಲಿಲ್ಲ. ಆದರೆ ಇವನ್ನು ಬರೆದ ಮನುಷ್ಯ ತಮಗೆ ಸುಳ್ಳು ಹೇಳುತ್ತಿಲ್ಲ ಅನ್ನಿಸಿತು.

ಆ ವಾರ ಠಾಣೆಯಲ್ಲಿ ಇವರನ್ನು ಕಂಡೊಡನೆ ಪೇದೆ ತಲೆ ಕೆರೆದುಕೊಂಡ. "ಇನ್ನೂ ಏನೂ ಗೊತ್ತಾಗಿಲ್ಲ ಮೇಡಂ."

"ಅದಕ್ಕೆ ಬಂದಿಲ್ಲಪ್ಪ. ಅವನ ಬ್ಯಾಗ್ ಕೊಟ್ಬಿಡಿ."

ಸಾಕ್ಷಿಗೆ ಬೇಕಾಗಬಹುದೆಂದು ಅಂಬುಜಾರೇ ಹಟ ಹಿಡಿದು ಅಲ್ಲಿ ಬಿಟ್ಟಿದ್ದ ಕಿಟ್ಟಿಯ ಬ್ಯಾಗು. ಮನೆಗೆ ತಂದು ಬಿಚ್ಚಿದರೆ ಊಟದ ಡಬ್ಬಿ. ಅವತ್ತು ಕಟ್ಟಿಕೊಟ್ಟಿದ್ದ ಅನ್ನ ಅರ್ಧ ಹಾಗೇ ಉಳಿದು ಕಪ್ಪಗೆ ಒಣಗಿತ್ತು.

"ಪೂರ್ತಿ ತಿಂದೇ ಇಲ್ವಲ್ಲೋ" ಎಂದು ಅಂಬುಜಾ ಗಟ್ಟಿಯಾಗಿ ಬೈದರು. ಡಬ್ಬಿಗೆ ನೀರು ಹಾಕಿ ನೆನೆಯಲು ಬಿಟ್ಟು, ಅಡುಗೆಮನೆಯ ನೆಲದ ಮೇಲೇ ಕೂತು ಅತ್ತರು. ಮತ್ತೆ ಅವರು ಠಾಣೆಗೆ ಹೋಗಲಿಲ್ಲ.