ಮೇಷ್ಟ್ರು ಮಾಡುತ್ತಿದ್ದ ತಿಥಿಗಳು

ಸಂಜೆ ಐದೂ ನಲವತ್ತು. ಕೀಬೋರ್ಡ್ ಒತ್ತಿ ಒತ್ತಿ ತುದಿ ಚಪ್ಪಟೆಯಾಗಿದ್ದ ಮೇಷ್ಟ್ರ ಬೆರಳುಗಳು ಸ್ಕೂಟರಿನ ಬ್ರೇಕನ್ನು ಮೆಲ್ಲಗೆ ಬಿಟ್ಟವು. ಹಿಂದಿನ ಸೀಟಿನಿಂದ ನಾನು ಅದನ್ನು ನೋಡಿದೆ. ಕಾಕನಕೋಟೆ ಕಾಡಂಚಿನ ಶಾಲೆಯೊಂದರಲ್ಲಿ ಕೆಟ್ಟಿದ್ದ ಕಂಪ್ಯೂಟರ್ ನೋಡಿಕೊಂಡು, ನಮ್ಮೂರು ಕೋಟೆಯ ಪಕ್ಕದ ಹ್ಯಾಂಡ್‌ಪೋಸ್ಟಿಗೆ ವಾಪಸಾಗುತ್ತಿದ್ದೆವು. ಹೆಣ್ಣಾನೆಯೊಂದು ಆಗಷ್ಟೇ ರಸ್ತೆ ದಾಟಿ ಎಡಗಡೆಯ ಲಂಟಾನದ ಪೊದೆಯ ಪಕ್ಕ ನಿಂತಿತ್ತು.

"ಅದ್ರ ಸರದಿ ಮುಗೀತು ಕಣವ್ವ, ಈಗ ನಮ್ದು" ಎಂದರು. ಸ್ಕೂಟರ್ ಮುಂದೆ ಹೋಯಿತು.

ಆನೆ ಕಾಡಿನೊಳಗೆ ಪೂರ್ತಿ ಮರೆಯಾಗುವ ತನಕ ನಮ್ಮ ಕಡೆಯ ಯಾರೂ ಗಾಡಿ ಬಿಡುವುದಿಲ್ಲ. ಹುಟ್ಟಿದ್ದೂ ಬೆಳೆದದ್ದೂ ಕೋಟೆಯಲ್ಲೇ ಆದ ಮೇಷ್ಟ್ರು ಬಿಟ್ಟರು. ಯಾಕೆ ಎನ್ನುವುದಕ್ಕೆ ಅವರ ಆಟದ ವಿಷಯ ಹೇಳಬೇಕು.

ಹ್ಯಾಂಡ್‌ಪೋಸ್ಟಿನಲ್ಲಿ ಅವರದೊಂದು ಕಂಪ್ಯೂಟರ್ ತರಬೇತಿ ಕೇಂದ್ರ. ಬಿ.ಕಾಂ. ಮುಗಿಸಿದ ನಾನು ಅಲ್ಲೇ ಕಲಿತು, ಅಲ್ಲೇ ಕಲಿಸುವವಳಾದೆ. ಹೆಂಡತಿ ತೀರಿಹೋದ ವರ್ಷದಿಂದ ಮೇಷ್ಟ್ರು ಮಧ್ಯಾಹ್ನದ ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ ಒಂದೇ ಒಂದು ಆಟ ಆಡುತ್ತಿದ್ದರು. ಅದರ ನಾಯಕ ಹೆಣ ಹೂಳುವವನು. ತಾನು ಹೂತವರು ಎದ್ದು ಓಡಿಹೋಗಿದ್ದಾರೆಂದು ಅವರನ್ನು ಹುಡುಕುತ್ತ ನೆಲಮಾಳಿಗೆಗಳಿಗೆ ಇಳಿಯುತ್ತಾನೆ. ನೀವು ಒಂದು ನಡೆ ನಡೆದರೆ ಶತ್ರು ಒಂದು ನಡೆ ನಡೆಯುತ್ತದೆ. ನೀವು ಸುಮ್ಮನಿದ್ದರೆ ಅದೂ ಸುಮ್ಮನೆ. ಸತ್ತರೆ ಮಾತ್ರ ಎಲ್ಲ ಮೊದಲಿನಿಂದ, ನಕ್ಷೆ ಕೂಡ ಹೊಸದು. ಸತ್ತವನ ಸಮಾಧಿಯ ಕಲ್ಲಿನ ಮೇಲೆ ಆಟವೇ ಒಂದು ಕುಚೋದ್ಯದ ಸಾಲು ಕೆತ್ತುತ್ತದೆ. ಅದನ್ನು ಓದಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೆಂಡ್ತಿ ಹೋದ್ಮೇಲೆ ತಲೆ ಕೆಟ್ಟದೆ ಎಂದು ನೆಂಟರು ಆಡಿಕೊಂಡರು.

ಅವರಿಗೆ ಆ ಆಟದ ಮೇಲೆ ಗಟ್ಟಿಯಾದ ಅಭಿಪ್ರಾಯಗಳಿದ್ದವು. "ಕರುಣೆ ಇಲ್ಲ ಇದಕ್ಕೆ, ಆದ್ರೆ ಮೋಸಾನೂ ಇಲ್ಲ" ಎನ್ನುವರು. "ಸತ್ತೆ ಅಂದ್ರೆ ನನ್ ತಪ್ಪಿಗೇ ಸತ್ತಿರ್ತೀನಿ." ಮೂರನೆಯ ನೆಲಮಾಳಿಗೆಯ ಜೋಕುಗಳು ಹಳಸಿವೆ, ಸಂಗೀತ ಹಲ್ಲುನೋವಿನಂತಿದೆ ಎಂದು ಬೈಯುತ್ತಿದ್ದರು. ಆದರೆ ಆ ಕಲ್ಲಿನ ಸಾಲುಗಳ ಬಗ್ಗೆ ಯಾರೂ ಹಗುರವಾಗಿ ಮಾತಾಡುವಂತಿರಲಿಲ್ಲ. "ಸಾವಿನ ಮೇಲೆ ನಗೋನು ಒಂದ್ಸಲಾನಾರ ಹೆಣ ಹೊತ್ತಿರ್ಬೇಕು. ಇದ್ನ ಬರ್ದೋನು ಹೊತ್ತವ್ನೆ ಕಣವ್ವ, ಗೊತ್ತಾಯ್ತದೆ."

ನಾಯಕ ಸತ್ತಾಗಲೆಲ್ಲ ಕೇಂದ್ರದಲ್ಲಿ ತಿಥಿ. ಪಕ್ಕದ ಹೋಟೆಲಿನಿಂದ ವಡೆ ತರಿಸಿ, ನಡೆದದ್ದನ್ನು ಒಂದೊಂದೇ ನಡೆಯಾಗಿ ನಾವೆಲ್ಲ ಬಾಯಲ್ಲಿ ಹೇಳಬೇಕು. ತಪ್ಪು ನಡೆ ಸಿಕ್ಕಿದ ಕೂಡಲೇ ನಿಲ್ಲಿಸಬೇಕು. ಅದರ ಮುಂದಿನದಕ್ಕೆ ಸತ್ತವನನ್ನು ದೂರುವ ಹಾಗಿಲ್ಲ. ಅದು ಮೇಷ್ಟ್ರ ಕಾನೂನು.

ಆ ಸಂಜೆ ಬಲಗಡೆಯ ಪೊದೆಯಲ್ಲಿ ಮರಿಯಿತ್ತು. ತಾಯಿ ಮರಿಗಳ ನಡುವೆ ನಾವು ನುಗ್ಗಿದ್ದೆವು. ಆನೆ ಘೀಳಿಟ್ಟು ತಿರುಗಿತು. ಮೇಷ್ಟ್ರು ಸ್ಕೂಟರನ್ನು ಬೀಳಲು ಬಿಟ್ಟು, ನನ್ನ ರಟ್ಟೆ ಹಿಡಿದೆಳೆದು, ರಸ್ತೆಯ ಕೆಳಗಿನ ಮೋರಿಯೊಳಕ್ಕೆ ತಳ್ಳಿದರು. ತಾವು ಮೋರಿಯ ಬಾಯಲ್ಲಿ, ನನಗೆ ಅಡ್ಡವಾಗಿ ಕೂತರು. ಮೇಲೆ ಸ್ಕೂಟರ್ ನಜ್ಜುಗುಜ್ಜಾಗುವ ಸದ್ದು. ಆಮೇಲೆ ಸೊಂಡಿಲು ಕೆಳಗಿಳಿದು ಮೇಷ್ಟ್ರ ಮೊಣಕಾಲ ಹತ್ತಿರ ಉಸಿರುಬಿಟ್ಟಿತು. ಒಣಗಿದ ಎಲೆಗಳು ಹಾರಿ ನನ್ನ ಮುಖಕ್ಕೆ ಬಿದ್ದವು. ಅವರು ಅಲುಗಲಿಲ್ಲ. ಬೆನ್ನ ಹಿಂದೆ ಕೈ ಚಾಚಿ ನನ್ನ ಬಾಯಿ ಮುಚ್ಚಿದ್ದರು.

ಸೊಂಡಿಲು ಹೋಯಿತು. ಮರಿಯ ಸದ್ದು ದೂರವಾಯಿತು. ಅರಣ್ಯ ಇಲಾಖೆಯ ಜೀಪು ಬರುವ ತನಕ ಅಲ್ಲೇ ಇದ್ದೆವು.

"ನಮ್ ಕಲ್ಲಿನ್ ಮೇಲೆ ಏನಂತ ಕೆತ್ತೋದು ಹೇಳು?" ಎಂದು ಪಿಸುಗುಟ್ಟಿದರು. "'ಸರದಿ ನಮ್ದು ಅಂದ್ಕಂಡಿದ್ರು, ಪಾಪ.'"

ಹಲ್ಲು ಕಟಕಟ ಎನ್ನುತ್ತಿದ್ದರೂ ನಾನು ನಕ್ಕೆ.

ನಿದ್ದೆ ಅಲ್ಲಿಗೇ ಹೋಯಿತು. ಕಣ್ಣು ಮುಚ್ಚಿದರೆ ತಗಡು ಮುರಿಯುವ ಸದ್ದು. ಕೇಂದ್ರಕ್ಕೆ ಹೋಗುವುದನ್ನು ಬಿಟ್ಟೆ. ಬಸ್ಸು ಹತ್ತಲೂ ಆಗುತ್ತಿರಲಿಲ್ಲ. ಕೆಲಸ ಬಿಟ್ಟುಬಿಡು ಎಂದು ಅವ್ವ ಹಟ ಹಿಡಿದಳು. ಬಿಡುವುದೆಂದು ನಾನೂ ಮನಸ್ಸು ಮಾಡಿದೆ.

ಒಂದು ಬೆಳಗ್ಗೆ ಮೇಷ್ಟ್ರು ವಡೆಯ ಪೊಟ್ಟಣ ಹಿಡಿದು ಕೋಟೆಯ ನಮ್ಮ ಮನೆಗೆ ಬಂದರು.

"ಏನ್ ಸಾ, ವಡೆ ತಂದಿದ್ದೀರಿ?" ಅವ್ವ ಕೇಳಿದಳು.

"ಸ್ಕೂಟರ್ ತಿಥಿ ಕಣಮ್ಮ."

ಅವ್ವನಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ. ಮೇಷ್ಟ್ರು ನನ್ನ ಮುಂದೆ ಕೂತು, "ಹೇಳು, ಮೊದಲಿಂದ" ಎಂದರು. ನಾನು ಹೇಳಿದೆ. ಶಾಲೆಯಿಂದ ಹೊರಟದ್ದು, ಆನೆ ದಾಟಿದ್ದು, ಬ್ರೇಕ್ ಬಿಟ್ಟದ್ದು. "ನಾನು ಆಗಲೇ ನಿಲ್ಲಿಸಿ ಅನ್ನಬೇಕಿತ್ತು ಸರ್..."

"ನಿಲ್ಲು. ಬ್ರೇಕು ಯಾರ್ ಕೈಲಿತ್ತು?"

"ನಿಮ್ಮ ಕೈಲಿ."

"ಅಲ್ಲಿಗೆ ಮುಗೀತು. ಅದರಿಂದಾಚೆಗೆ ನಿಂದೇನೂ ಇಲ್ಲ." ನನ್ನ ಕೈಗೆ ಒಂದು ವಡೆ ಕೊಟ್ಟರು. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವರೂ ಮಲಗಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು.

"ಒಳ್ಳೆ ಆಟ ಅದು, ಈಗ್ಲೂ ಅಂಗೇ ಅಂತೀನಿ" ಎಂದರು. "ಮುಳುಗೋಗ್ತಿದ್ದೆ, ಯೋಚ್ನೆ ಮಾಡಾದು ಕಲಿಸ್ತು. ಒಂದೇ ದೂರು. ಒಬ್ರಾದ್ಮೇಲೆ ಒಬ್ರು ನಡೀತಾರೆ ಅಂತ ನಂಬಿಸ್ಬುಡ್ತದೆ. ಮರಿ ಆಚೆ ಕಡೆ ಇರೋವಾಗ ತಾಯಿಗೆ ಎಂಥಾ ಸರದಿ ಕಣವ್ವ?"

ಅವ್ವ ತಾನೂ ಒಂದು ವಡೆ ತೆಗೆದುಕೊಂಡಳು.

ಆ ಶಾಲೆಯ ಕೆಲಸ ಇನ್ನೂ ಬಾಕಿಯಿತ್ತು. ಮುಂದಿನ ಸೋಮವಾರ ಬಸ್ಸಿನಲ್ಲಿ ಇಬ್ಬರೂ ಹೋದೆವು. ಮೋರಿ ದಾಟುವಾಗ ಮೇಷ್ಟ್ರು ರಸ್ತೆಯ ಎರಡೂ ಕಡೆ ನೋಡಿದರು, ನಾನೂ ನೋಡಿದೆ. ಕಂಪ್ಯೂಟರ್ ಸರಿಹೋಯಿತು. ಹೊತ್ತು ಮುಳುಗುವ ಮೊದಲೇ ವಾಪಸಾದೆವು.

ಮಂಗಳವಾರ ನಾನು ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ಒಂದು ಸಲವೂ ಎಚ್ಚರವಾಗಿರಲಿಲ್ಲ. ಗಾಬರಿಯಿಂದ ಹ್ಯಾಂಡ್‌ಪೋಸ್ಟಿಗೆ ಓಡಿದರೆ ಕೇಂದ್ರದ ಬಾಗಿಲು ಇನ್ನೂ ತೆಗೆದಿರಲಿಲ್ಲ. ವಿದ್ಯಾರ್ಥಿಗಳು ಹೊರಗೆ ನಿಂತಿದ್ದರು. ಎಂದೂ ತಡಮಾಡದ ಮೇಷ್ಟ್ರು ಆಮೇಲೆ ಬಂದರು, ತಲೆ ಕೂಡ ಬಾಚದೆ, ಎಡಗೆನ್ನೆಯ ಮೇಲೆ ಚಾಪೆಯ ಅಚ್ಚು ಹಾಗೇ ಇಟ್ಟುಕೊಂಡು.