ಗಿರಣಿಯವನ ಮುಖದ ಬಟ್ಟೆ

ಆ ಶನಿವಾರ ಹಿಟ್ಟಿನ ಗಿರಣಿಯ ಮುಂದೆ ಎಂದಿನಂತೆ ಡಬ್ಬಗಳ ಸಾಲು. ಬಾಗಿಲಿನಿಂದ ಹಿಡಿದು ದೀಪದ ಕಂಬದವರೆಗೆ. ಡಬ್ಬಗಳು ಬಿಸಿಲಲ್ಲಿ, ಜನ ನೆರಳಲ್ಲಿ. ರೋಗದ ಕಾಲ. ದೂರ ನಿಲ್ಲಿ ಎಂದು ಗೋಡೆ ಗೋಡೆಗೂ ಬರೆದಿದ್ದರು. ಜನ ಅಷ್ಟೋ ಇಷ್ಟೋ ದೂರ ನಿಂತಿದ್ದರು, ಡಬ್ಬಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಗಿರಣಿ ನಡೆಸುತ್ತಿದ್ದ ಅವಳ ಗಂಡ ಒಳಗಿದ್ದ. ಗಿರಣಿ ಅಂದರೆ ಒಂದೇ ಕೋಣೆ. ಬೀದಿಗೆ ಒಂದು ಬಾಗಿಲು. ಕಿಟಕಿ ಒಂದಿತ್ತು, ಗಾಳಿಗೆ ಹಿಟ್ಟು ಹಾರುತ್ತದೆ ಎಂದು ಅವಳ ಮಾವನ ಕಾಲದಲ್ಲೇ ಅದಕ್ಕೆ ಇಟ್ಟಿಗೆ ಇಟ್ಟು ಮುಚ್ಚಿದ್ದರು. ಮೋಟಾರು ಶುರುವಾಯಿತೆಂದರೆ ಪಕ್ಕದಲ್ಲಿ ನಿಂತವರು ಬೈದರೂ ಕೇಳದು. ಅವಳು ಜರಡಿ ಹಿಡಿಯುವುದು, ಚೀಲ ಕಟ್ಟುವುದು ಮಾಡುತ್ತಿದ್ದಳು. ಗಂಡ ಹೆಂಡತಿ ದಿನವಿಡೀ ಜೊತೆಗಿದ್ದು ಜಗಳವಾಡದೆ ಬಾಳಿದ್ದು ಆ ಮೋಟಾರಿನ ದಯೆಯಿಂದ ಎಂದು ಅವನು ಕಂಡವರಿಗೆಲ್ಲ ಹೇಳುತ್ತಿದ್ದ.

ಮೂವತ್ತು ವರ್ಷದಿಂದ ಅವನು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಹಿಟ್ಟು ಬೀಸಿದವನು. ಕಟ್ಟದಿದ್ದರೆ ಸಂಜೆಗೆ ಕೆಮ್ಮು. ಹುಬ್ಬು ಬೆಳ್ಳಗೆ, ಕೂದಲು ಬೆಳ್ಳಗೆ, ಬಟ್ಟೆ ಬಿಚ್ಚಿದರೆ ಮೂಗಿನಿಂದ ಕೆಳಗೆ ಮಾತ್ರ ಮನುಷ್ಯನ ಬಣ್ಣ. ಊರಿಗೆಲ್ಲ ಮಾಸ್ಕು ಕಡ್ಡಾಯವಾದಾಗ ಅವನಿಗೆ ಎಲ್ಲಿಲ್ಲದ ಹೆಮ್ಮೆ.

"ನಾನು ಮೊದಲೇ ಕಟ್ಟಿಕೊಂಡಿದ್ದೆ. ಈಗ ಎಲ್ಲರಿಗೂ ಬುದ್ಧಿ ಬಂತು" ಅನ್ನುತ್ತಿದ್ದ.

ಯಾರಾದರೂ ಬಟ್ಟೆಯಿಂದ ಏನಾಗುತ್ತೆ ಅಂದರೆ ಸಾಕು, ತನ್ನದನ್ನು ಬಿಚ್ಚಿ ತೋರಿಸುತ್ತಿದ್ದ. ಹೊರಮೈಯಲ್ಲಿ ಹಿಟ್ಟು ಗೋಡೆಯ ಸುಣ್ಣದ ಹಾಗೆ ಕೂತಿರುತ್ತಿತ್ತು. ಒಳಮೈ ನೀಲಿ, ಅವಳು ಹೊಲಿದ ದಿನ ಹೇಗಿತ್ತೋ ಹಾಗೆ. "ನೋಡಿ. ಒಂದು ಚೂರು ಒಳಗೆ ಬಂದಿದ್ಯಾ?" ನೋಡಿದವರು ತಲೆಯಾಡಿಸಿ ಹೋಗುತ್ತಿದ್ದರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಏನಿದೆ?

ಆದರೆ ಮೋಟಾರಿನ ಸದ್ದು. ಗೋಧಿ ತಂದವರಿಗೆ ನುಣ್ಣಗೆ ಬೇಕೋ ತರಿ ಬೇಕೋ ಕೇಳಬೇಕು. ಬಟ್ಟೆಯೊಳಗಿನ ಮಾತು ಯಾರ ಕಿವಿಗೆ ಬಿದ್ದೀತು? ಅವನು ತೋರುಬೆರಳಿಂದ ಬಟ್ಟೆಯನ್ನು ಗಲ್ಲಕ್ಕೆ ಎಳೆದು, ಬಂದವರ ಕಿವಿಗೆ ಬಾಯಿ ಇಟ್ಟು ಕೂಗುತ್ತಿದ್ದ. ಅವರೂ ತಮ್ಮದನ್ನು ಇಳಿಸಿ ಅವನ ಕಿವಿಗೆ ಕೂಗುತ್ತಿದ್ದರು. ಅವರು ಹೊರಗೆ ಹೋದ ಮೇಲೆ ಬಟ್ಟೆ ಮತ್ತೆ ಮೂಗಿಗೆ ಏರುತ್ತಿತ್ತು. ಬೀಸುವ ಕಲ್ಲಿನ ಮುಂದೆ ಒಬ್ಬನೇ ಇದ್ದಾಗ ಬಿಗಿಯಾಗಿ, ಮನುಷ್ಯರು ಬಂದಾಗ ಗಲ್ಲದ ಕೆಳಗೆ.

ಅವಳು ಒಂದು ಸಲ ಹೇಳಿದ್ದಳು. "ರೀ, ಮಾತಾಡುವಾಗಲೇ ಅದು ಬೇಕಂತೆ."

"ಆಗ ಕಟ್ಟಿಕೊಂಡ್ರೆ ಮಾತು ಒಳಗೇ ಉಳಿದು ಹೊಟ್ಟೆ ಉಬ್ಬುತ್ತೆ ಕಣೇ."

ಅವಳು ನಕ್ಕಳು. ಮತ್ತೆ ಹೇಳಲಿಲ್ಲ.

ಆ ಶನಿವಾರ ಮಧ್ಯಾಹ್ನ ಬಡಗಿ ಬಂದ. ಗಂಡನ ಹಳೇ ಗೆಳೆಯ, ಎರಡು ಬೀದಿ ಆಚೆ ಅವನ ಕೆಲಸದ ಕೊಟ್ಟಿಗೆ. ಗೋಧಿ ಡಬ್ಬ ಇಟ್ಟವನು ಹೊರಡಲಿಲ್ಲ. ಅವನಿಗೆ ಯಾರೋ ಕೆಲಸ ಕೊಟ್ಟು ಮಂಚದ ಅಳತೆ ತಪ್ಪು ಹೇಳಿದ್ದರಂತೆ, ಮಂಚ ಬಾಗಿಲಲ್ಲಿ ಸಿಕ್ಕಿಕೊಂಡು ಮನೆಯವರು ಒಳಗೂ ಇಲ್ಲ ಹೊರಗೂ ಇಲ್ಲ ಎಂದು ಅರ್ಧ ಗಂಟೆ ಹೇಳಿದ. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ, ಕಿವಿಗೆ ಬಾಯಿ, ಬಾಯಿಗೆ ಕಿವಿ. ನಗು ಬೇರೆ. ಬಡಗಿ ನಡುನಡುವೆ ಕೆಮ್ಮುತ್ತಿದ್ದ. ಮರದ ಪುಡಿ ಅಂದ. ನಂದು ಹಿಟ್ಟು ನಿಂದು ಮರ, ಇಬ್ಬರೂ ಪುಡಿ ತಿಂದೇ ಬೆಳೆದವರು ಅಂದ ಗಂಡ.

ಸೋಮವಾರ ಅವನಿಗೆ ಊಟ ರುಚಿಸಲಿಲ್ಲ. ಬುಧವಾರ ಜ್ವರ. ಗುರುವಾರ ಅವಳಿಗೂ ಜ್ವರ. ಬಡಗಿಯೂ ಮಲಗಿದ್ದಾನೆ ಎಂದು ಸುದ್ದಿ ಬಂತು. ಅವಳು ಐದು ದಿನಕ್ಕೆ ಎದ್ದಳು. ಗಂಡ ಏಳಲಿಲ್ಲ. ಎಂಟನೇ ದಿನ ಆಸ್ಪತ್ರೆಯ ಗಾಡಿಗೆ ತಾನೇ ನಡೆದುಕೊಂಡು ಹೋಗಿ ಹತ್ತಿದ. ಕೂರುವ ಮುಂಚೆ ತಿರುಗಿ, "ಮೋಟಾರಿನ ಬೆಲ್ಟು ಕಳಚಿಡು, ಸುಮ್ಮನೆ ಎಳೆದುಕೊಂಡಿರುತ್ತೆ" ಅಂದ. ಹನ್ನೆರಡನೇ ದಿನ ಆಸ್ಪತ್ರೆಯಿಂದ ಫೋನು ಬಂತು. ಮಗಳು ಎತ್ತಿಕೊಂಡಳು. ಅವಳ ಮುಖ ನೋಡಿಯೇ ಇವಳಿಗೆ ತಿಳಿಯಿತು.

ಮೂರು ದಿನಕ್ಕೊಮ್ಮೆ ಒಬ್ಬ ನರ್ಸಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಅವಳ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ ಹೋಗುತ್ತಿದ್ದಳು. ಮಾಸ್ಕಿನ ಗುರುತು ನರ್ಸಮ್ಮನ ಕೆನ್ನೆಯ ಮೇಲೆ ಬರೆ ಎಳೆದ ಹಾಗೆ ಬಿದ್ದಿತ್ತು. ಒಂದು ದಿನ ಇವಳು ಕೇಳಬೇಕಾದ್ದನ್ನು ಕೇಳಿದಳು.

"ಹಿಟ್ಟನ್ನು ಬಿಡದ ಬಟ್ಟೆ ಈ ರೋಗಾನ ಹೇಗಮ್ಮ ಬಿಡ್ತು?"

"ಹಿಟ್ಟು ದಪ್ಪ ಅಮ್ಮ. ಇದು ಉಸಿರಲ್ಲಿ ತೇಲುತ್ತೆ. ಹಿಟ್ಟಿನ ಕಣದ ಮುಂದೆ ಇದು ಏನೂ ಅಲ್ಲ, ಅಷ್ಟು ಸಣ್ಣದು."

"ಹಾಗಾದ್ರೆ ಬಟ್ಟೆ ದಂಡ."

"ದಂಡ ಅಲ್ಲ. ಮುಳ್ಳಿನ ಬೇಲಿ ನೋಡಿದೀರಲ್ಲ? ಕೆಲವು ಸಿಕ್ಕಿಕೊಳ್ಳುತ್ವೆ, ಕೆಲವು ನುಸುಳುತ್ವೆ. ಬಟ್ಟೆಯ ಬೇಲಿ ತೆಳು. ನಾವು ಹಾಕ್ತೀವಲ್ಲ, ಇದು ದಟ್ಟ. ಮೂಗಿನ ಹತ್ತಿರ ಸಂದಿ ಬಿಟ್ರೆ ಇದೂ ಅಷ್ಟೆ. ಕೆಮ್ಮುವವರೂ ಕಟ್ಟಿ, ಎದುರಿನವರೂ ಕಟ್ಟಿದ್ರೆ ಎರಡು ಬೇಲಿ. ಬಾಗಿಲು ಕಿಟಕಿ ತೆಗೆದಿದ್ರೆ ಇನ್ನೂ ಒಳ್ಳೇದು. ಕೂಗಿ ಮಾತಾಡಿದ್ರೆ ಜಾಸ್ತಿ ಹೊರಗೆ ಬರುತ್ತೆ."

"ನಮ್ಮವರು ಮಾತಾಡುವಾಗ ಇಳಿಸ್ತಿದ್ರು."

ನರ್ಸಮ್ಮ ಕ್ಲಿಪ್ಪು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

"ಇಳಿಸದೆ ಇದ್ದಿದ್ರೆ ಉಳೀತಿದ್ರಾ?"

"ಅದನ್ನ ಯಾರೂ ಹೇಳೋಕಾಗಲ್ಲ ಅಮ್ಮ. ಬರೋ ಸಾಧ್ಯತೆ ಕಮ್ಮಿ ಆಗ್ತಿತ್ತು. ಬರ್ತಾನೇ ಇರಲಿಲ್ಲ ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ."

ಸಮಾಧಾನ ಹೇಳುವವರು ಆ ದಿನಗಳಲ್ಲಿ ಬೇಕಾದಷ್ಟು ಜನ ಇದ್ದರು. ನರ್ಸಮ್ಮ ಹಾಗೆ ಮಾಡಲಿಲ್ಲ. ಅದಕ್ಕೇ ಆ ಮಾತು ಮನಸ್ಸಿನಲ್ಲಿ ನಿಂತಿತು.

ಎರಡು ತಿಂಗಳಿಗೆ ಅವಳು ಗಿರಣಿ ತೆರೆದಳು. ಕಲ್ಲು ಎತ್ತಿಸಿ, ಸವೆದ ಕಡೆ ಉಳಿಯಿಂದ ತಾನೇ ಕಚ್ಚು ಹಾಕಿದಳು. ಗಂಡಸರ ಕೆಲಸ ಎಂದು ಮೂಗು ಮುರಿದವರು ಮೊದಲ ಹಿಟ್ಟು ತಿಂದು ಮತ್ತೆ ಡಬ್ಬ ತಂದರು. ಬಡಗಿಯೂ ಚೇತರಿಸಿಕೊಂಡು ಬಂದ. ಗೆಳೆಯನ ಜಾಗ ನೋಡಿ ಬಾಗಿಲಲ್ಲೇ ಕುಸಿದು ಕೂತು ಅತ್ತ. ಅತ್ತು ಮುಗಿದ ಮೇಲೆ ಒಂದು ಮಾತು ಹೇಳಿದ. ಆ ಮಾತು ಅಲ್ಲಿಂದ ಶುರುವಾಯಿತು.

"ಮೂವತ್ತು ವರ್ಷ ಮುಖಕ್ಕೆ ಬಟ್ಟೆ ಕಟ್ಟಿದವನೇ ಹೋದ. ಕಟ್ಟದ ನಾನು ಗುಂಡುಕಲ್ಲಿನ ಹಾಗೆ ಇದೀನಿ. ಇನ್ನು ಮಾಸ್ಕಂತೆ ಮಣ್ಣಂತೆ."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಗೆಳೆಯ ಹೋದ ಸಂಕಟಕ್ಕೆ ಹೇಳಿದ್ದು. ಆದರೆ ಸಾಲಿನಲ್ಲಿದ್ದವರು ಕೇಳಿಸಿಕೊಂಡರು. ವಾರದೊಳಗೆ ಬೀದಿಗೆಲ್ಲ ಅದೇ ಮಾತು. ಗಿರಣಿಯವನನ್ನೇ ಬಿಡಲಿಲ್ಲ, ನಮ್ಮದು ಯಾವ ಲೆಕ್ಕ? ಎದುರುಮನೆಯ ಸೊಸೆ ಕೈಗೂಸು ಎತ್ತಿಕೊಂಡು ಬರೀ ಮುಖದಲ್ಲಿ ಬಂದು ಸಾಲಿನಲ್ಲಿ ನಿಂತಳು. ಅವಳ ಅತ್ತೆಗೆ ಮೊದಲೇ ಉಬ್ಬಸ.

ಗಂಡ ಬಟ್ಟೆ ಇಳಿಸಿಯೇ ಮಾತಾಡುತ್ತಿದ್ದದ್ದು ಇವಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಅಥವಾ ಕಂಡಿದ್ದರೂ ಯಾರೂ ಗಮನಿಸಿರಲಿಲ್ಲ. ಹೇಳಿದರೆ ಏನಾಗುತ್ತದೆ? ಸತ್ತವನ ತಪ್ಪು ಬೀದಿಗೆ ತಂದ ಹಾಗೆ. ಅಷ್ಟು ಹೆಮ್ಮೆಯಿಂದ ಒಳಮೈ ತೋರಿಸುತ್ತಿದ್ದ ಮನುಷ್ಯ. ಬಡಗಿಗಂತೂ ನೀನೇ ಕೊಂದೆ ಎಂದಂತೆ ಕೇಳಿಸೀತು. ಅವಳು ತುಟಿ ಹೊಲಿದುಕೊಂಡು ಹಿಟ್ಟು ಬೀಸಿದಳು.

ಮಗಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಂಡಿಯ ಹಿಂದೆ ಕೂರುವವಳು. ದಿನಕ್ಕೆ ನೂರಾರು ಮುಖ ಅವಳ ಕಿಂಡಿಗೆ ಬಾಗುತ್ತವೆ. ಒಂದು ಬೆಳಗ್ಗೆ ಅವಳು ಬುತ್ತಿ ಹಾಕಿಕೊಂಡು ಹೊರಟಾಗ ಮಾಸ್ಕು ಮೊಳೆಯ ಮೇಲೇ ನೇತಾಡುತ್ತಿತ್ತು.

"ಅದನ್ನ ಮರೆತೆ."

"ಮರೆತಿಲ್ಲಮ್ಮ. ಕಿವಿ ಉರಿಯುತ್ತೆ, ಉಸಿರು ಕಟ್ಟುತ್ತೆ. ಅಪ್ಪ ಕಟ್ಟಿಕೊಂಡಿದ್ರಲ್ಲ, ಏನಾಯ್ತು?"

ತಾಯಿ ಬಾಗಿಲಿಗೆ ಅಡ್ಡ ಬಂದಳು. ಮಾಸ್ಕು ತೆಗೆದು ಮಗಳ ಕೈಗೆ ತುರುಕಿ, "ಇವತ್ತೊಂದು ದಿನ ಹಾಕ್ಕೋ. ಸಂಜೆ ಗಿರಣಿಗೆ ಬಾ" ಅಂದಳು.

ಸಂಜೆ ಮಗಳು ಬಂದಾಗ ಸಾಲಿನಲ್ಲಿ ಏಳೆಂಟು ಜನ. ಬಡಗಿಯೂ ಇದ್ದ. ಕಲ್ಲಿನ ಬಾಯಿ ತುಂಬ ಗೋಧಿ ಇತ್ತು. ತಾಯಿ ಹೋಗಿ ಸ್ವಿಚ್ಚು ಆರಿಸಿದಳು. ಕಾಳು ತುಂಬಿರುವಾಗ ಗಿರಣಿ ನಿಲ್ಲಿಸಬಾರದು, ಕಲ್ಲು ಕಚ್ಚಿಕೊಂಡು ಬಿಡುತ್ತದೆ. ಆಮೇಲೆ ಕಲ್ಲೆತ್ತಿ ಕೈಯಿಂದ ಕಾಳು ಬಿಡಿಸಬೇಕು. ಮೂವತ್ತು ವರ್ಷದಲ್ಲಿ ಗಂಡ ಒಮ್ಮೆಯೂ ಹಾಗೆ ಮಾಡಿದ್ದಿಲ್ಲ. ಸದ್ದು ನಿಂತದ್ದೇ ಎಲ್ಲರೂ ಕರೆಂಟು ಹೋಯಿತು ಎಂದು ಬಾಗಿಲಿಗೆ ಬಂದು ಇಣುಕಿದರು.

"ಕರೆಂಟು ಇದೆ" ಅಂದಳು. "ಒಂದು ಮಾತು ಹೇಳೋಕೆ ನಿಲ್ಲಿಸಿದೆ. ನಮ್ಮವರು ಬಟ್ಟೆ ಕಟ್ಟಿಕೊಂಡು ಸತ್ತರು ಅಂತ ಎಲ್ಲರೂ ಹೇಳ್ತಿದೀರಿ. ಅವರು ಕಟ್ಟಿಕೊಂಡಿದ್ದು ಹಿಟ್ಟಿಗೆ. ನೀವು ಒಳಗೆ ಬಂದಾಗೆಲ್ಲ ಇಳಿಸಿಯೇ ಮಾತಾಡಿದ್ದು. ನಿಮ್ಮ ಕಿವಿಗೇ ಕೂಗಿದ್ದು. ನೆನಪು ಮಾಡಿಕೊಳ್ಳಿ."

ಒಬ್ಬ ಹೆಂಗಸು ತನಗೆ ಗೊತ್ತಿಲ್ಲದೆಯೇ ಕಿವಿ ಮುಟ್ಟಿಕೊಂಡಳು.

"ಬಿಡದೆ ಕಟ್ಟಿಕೊಂಡಿದ್ರೆ ಉಳೀತಿದ್ರು ಅಂತ ನಾನು ಹೇಳಲ್ಲ. ನರ್ಸಮ್ಮನೂ ಹೇಳಲಿಲ್ಲ. ಅದು ಸ್ವಲ್ಪ ತಡೆಯುತ್ತೆ, ಎಲ್ಲ ತಡೆಯಲ್ಲ. ಇಬ್ಬರೂ ಕಟ್ಟಿದ್ರೆ ಇನ್ನೂ ಸ್ವಲ್ಪ ಜಾಸ್ತಿ ತಡೆಯುತ್ತೆ. ಅಷ್ಟೇ. ಆದರೆ ಅವರ ಸಾವನ್ನ ತೋರಿಸಿ ಯಾರೂ ಮುಖದ ಬಟ್ಟೆ ಬಿಚ್ಚಬೇಡಿ. ಅವರು ಆ ಸಾಕ್ಷಿ ಹೇಳಲಿಲ್ಲ."

ಬಡಗಿ ಗೋಡೆಗೆ ಒರಗಿದ್ದ.

"ಅತ್ತಿಗೆ, ಆ ಶನಿವಾರ... ನಾನು ಕೆಮ್ಮುತ್ತಿದ್ದೆ."

"ಕೆಮ್ಮುತ್ತಿದ್ರಿ."

"ನನ್ನಿಂದ ಬಂತಾ?"

"ಗೊತ್ತಿಲ್ಲ ಅಣ್ಣ. ದಿನಕ್ಕೆ ನಲವತ್ತು ಜನರ ಕಿವಿಗೆ ಬಾಯಿ ಇಟ್ಟ ಮನುಷ್ಯ. ನಾನೂ ಒಂದು ಸಲ ಹೇಳಿ ನಕ್ಕು ಸುಮ್ಮನಾದವಳು. ಯಾರಿಂದ ಅಂತ ಹುಡುಕೋಕೆ ಹೊರಟ್ರೆ ನನ್ನ ಮನೆಯಿಂದಲೇ ಶುರು ಮಾಡಬೇಕು."

ಅವನು ಡಬ್ಬ ಅಲ್ಲೇ ಬಿಟ್ಟು ಹೊರಟುಹೋದ. ಇನ್ನು ಈ ಕಡೆ ತಲೆ ಹಾಕಲ್ಲ ಎಂದುಕೊಂಡಳು. ಮಗಳು ತೋಳು ಏರಿಸಿ ಕಲ್ಲೆತ್ತಲು ಕೈಜೋಡಿಸಿದಳು. ಇಬ್ಬರೂ ಸಿಕ್ಕಿಕೊಂಡ ಕಾಳನ್ನು ಬೆರಳಿಂದ ಕೆದಕಿ ತೆಗೆದರು.

"ನೀನು ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?" ಅಂದಳು ಕೊನೆಗೆ.

"ನಿಮ್ಮಪ್ಪನಿಗೆ ಬೇಜಾರಾಗುತ್ತೆ ಅಂತ."

ಮಗಳು ಮಾಸ್ಕಿನ ಮೇಲಿಂದಲೇ ಕಣ್ಣು ಒರೆಸಿಕೊಂಡಳು.

ನಾಲ್ಕನೇ ದಿನ ಬಡಗಿ ಬಂದ, ಮೂಗು ಬಾಯಿ ಮುಚ್ಚಿಕೊಂಡು. ತಲೆಯ ಮೇಲೆ ಒಂದು ಉದ್ದನೆಯ ಬೆಂಚು. ಜೊತೆಗೆ ಸುತ್ತಿಗೆ. ಮೊದಲು ಅವಳನ್ನು ಕೇಳದೆ ಹಳೇ ಕಿಟಕಿಯ ಇಟ್ಟಿಗೆ ಒಡೆದ. ಹಿಟ್ಟು ಹಾರುತ್ತೆ ಅಂದಳು. ಹಾರಲಿ ಅಂದ. ಆಮೇಲೆ ಬೆಂಚನ್ನು ಬಾಗಿಲ ಹೊರಗೆ ಹಾಕಿ ಹೇಳಿದ: "ಇನ್ನು ಯಾರೂ ಕಿವಿಯಲ್ಲಿ ಕೂಗಬೇಕಾಗಿಲ್ಲ ಅತ್ತಿಗೆ. ನುಣ್ಣಗೆ ಬೇಕಾದವರು ಈ ಕಡೆ ಇಡಲಿ, ತರಿ ಬೇಕಾದವರು ಆ ಕಡೆ. ನಡುವೆ ಹದದ್ದು. ನೀವು ಸುಮ್ಮನೆ ನೋಡಿ ಬೀಸಿ."

"ಜನಕ್ಕೆ ಯಾವ ಕಡೆ ಯಾವುದು ಅಂತ ತಿಳಿಯೋದು ಹೇಗೆ?"

"ಬರೆಯಿರಿ."

"ನನಗೆ ಬರೆಯೋಕೆ ಬಂದಿದ್ರೆ ಗಿರಣಿಯಲ್ಲಿ ಯಾಕಿರ್ತಿದ್ದೆ?"

"ಗೆರೆ ಎಳೆಯೋಕೆ ಬರುತ್ತಲ್ಲ. ನುಣ್ಣಗಿದ್ದಕ್ಕೆ ಒಂದು, ಹದಕ್ಕೆ ಎರಡು, ತರಿಗೆ ಮೂರು" ಅಂದ. ಗಂಡ ಹೋದ ಮೇಲೆ ಮೊದಲ ಸಲ ಅಂದು ಅವಳು ಸ್ವಲ್ಪ ನಕ್ಕಳು.

ಈಗಲೂ ಕೆಲವರು ಮಾಸ್ಕಿಲ್ಲದೆ ಬರುತ್ತಾರೆ. ಅವಳು ಬೈಯುವುದಿಲ್ಲ. ಡಬ್ಬ ಬೆಂಚಿನ ಮೇಲಿಟ್ಟು ನೆರಳಿಗೆ ಹೋಗಿ ಅನ್ನುವಂತೆ ಕೈ ತೋರಿಸುತ್ತಾಳೆ. ಎದುರುಮನೆಯ ಸೊಸೆ ಮಾತ್ರ ಬಿಡದೆ ಹಾಕಿಕೊಂಡು ಬರುತ್ತಾಳೆ. ಮಗಳು ಸಂಜೆ ಬಂದಾಗ ಕೆನ್ನೆಯ ಮೇಲೆ ಮಾಸ್ಕಿನ ಬರೆ ಇರುತ್ತದೆ.

ಡಬ್ಬಗಳು ಉಜ್ಜಿ ಉಜ್ಜಿ ದಿನ ಮುಗಿಯುವಷ್ಟರಲ್ಲಿ ಬೆಂಚಿನ ಮೇಲಿನ ಸೀಮೆಸುಣ್ಣದ ಗೆರೆ ಅಳಿಸಿ ಹೋಗಿರುತ್ತದೆ. ಬಣ್ಣ ಹಚ್ಚಿಬಿಡಮ್ಮ, ಒಂದೇ ಸಲಕ್ಕೆ ಮುಗಿಯುತ್ತೆ ಎಂದು ಮಗಳು ಎಷ್ಟೋ ಸಲ ಹೇಳಿದ್ದಾಳೆ. ನೋಡೋಣ ಅನ್ನುತ್ತಾಳೆ. ಬೆಳಗ್ಗೆ ಎದ್ದು ಗಿರಣಿಯ ಬೀಗ ತೆಗೆದು, ಬೆಂಚನ್ನು ಹೊರಗೆಳೆದು, ಒದ್ದೆ ಬಟ್ಟೆಯಿಂದ ಒರೆಸಿ ಅದು ಆರುವವರೆಗೆ ಹೊಸ್ತಿಲ ಮೇಲೆ ಕೂರುತ್ತಾಳೆ. ಆಮೇಲೆ ಬಗ್ಗಿ ಗೆರೆ ಎಳೆಯುತ್ತಾಳೆ. ಈ ತುದಿಗೆ ಒಂದು, ನಡುವೆ ಎರಡು, ಆ ತುದಿಗೆ ಮೂರು.