ಯಾರೂ ಹೇಳದ ಬುದ್ಧಿಮಾತು

ಚಾಮರಾಜಪುರಂನಲ್ಲಿ ಸಂಜೆ ಹೊತ್ತು ನಾನು ಇಂಗ್ಲಿಷ್ ಮಾತಾಡೋದು ಕಲಿಸುತ್ತೇನೆ. ಒಂದು ದಿನ, 'ಡಾಕ್ಟರಿಗೆ ತೋರಿಸಿ' ಅಂತ ನೇರವಾಗಿ ಹೇಳುವ ಬದಲು 'ಇಟ್ ಈಸ್ ಬೆಟರ್ ಟು ಸೀ ಎ ಡಾಕ್ಟರ್' ಅಂದರೆ ಯಾರಿಗೂ ಚುಚ್ಚುವುದಿಲ್ಲ ಅಂತ ಹೇಳಿಕೊಟ್ಟೆ. ಅಗ್ರಹಾರದಿಂದ ಬರುವ ಮಂಗಳಾ ಕೈಯೆತ್ತಿದರು.

"ಇದ್ರಲ್ಲಿ ಹೇಳ್ತಿರೋರು ಯಾರು ಸಾರ್?"

"ಯಾರೂ ಇಲ್ಲ ಕಣಮ್ಮ."

"ಹಂಗಾದ್ರೆ ನಂಗೆ ಬೇಕಾಗಿದ್ದು ಇದೇ."

ಅವರ ಮಾವ ನಿವೃತ್ತ ಹೆಡ್‌ಮಾಸ್ಟರ್. ಸಕ್ಕರೆ ಕಾಯಿಲೆ, ಕಾಲಲ್ಲಿ ಒಣಗದ ಗಾಯ. ಸೊಸೆ ಎದುರು ನಿಂತು ಬುದ್ಧಿ ಹೇಳುವುದು ಆ ಮನೆಯಲ್ಲಿ ನಡೆಯುವುದಿಲ್ಲವಂತೆ.

ಮುಂದಿನ ವಾರ ಬಂದವರೇ ಹೇಳಿದರು: "ಕಾಫಿ ಕೊಡ್ತಾ, ಗೋಡೆ ನೋಡ್ಕೊಂಡು ಅಂದ್ಬುಟ್ಟೆ ಸಾರ್. ಮಾವನೋರು ಮೊದ್ಲು ನನ್ನ ಉಚ್ಚಾರಣೆ ತಿದ್ದಿದ್ರು. ಆಮೇಲೆ ಚಪ್ಪಲಿ ಮೆಟ್ಕೊಂಡು ಆಸ್ಪತ್ರೆಗೆ ಹೊರಟ್ರು!"

ನಾನು ಹಿಗ್ಗಿದೆ. ಅವರ ಮುಖದಲ್ಲಿ ಮಾತ್ರ ಅಷ್ಟು ಗೆಲುವಿರಲಿಲ್ಲ.

"ಈಗ ಅವ್ರೂ ಶುರು ಹಚ್ಕೊಂಡಿದಾರೆ. ಊಟಕ್ಕೆ ಕೂತ್ರೆ ಮೇಲೆ ಜಂತೆ ನೋಡ್ಕೊಂಡು, 'ಇಟ್ ಈಸ್ ಬೆಟರ್ ಟು ರೆಡ್ಯೂಸ್ ಸಾಲ್ಟ್' ಅಂತಾರೆ. ಜಗಳ ಆಡೋಣ ಅಂದ್ರೆ ಹೇಳಿದೋರು ಯಾರೂ ಇಲ್ಲ. ಕಲಿಸಿದೋರು ಮಾತ್ರ ನೀವಿದೀರ."

ಅವತ್ತು ಕ್ಲಾಸು ಬೇಗ ಮುಗಿಸುವುದು ಒಳ್ಳೆಯದು ಅನ್ನಿಸಿತು.